ಹುಲ್ಲು ಬರುವ ಮೊದಲು

"ತಟ್ಟೆ ಹಿಡಿಯೇ ರೂಜಾ. ಗರ ಬಡಿದವಳ ಹಾಗೆ ನಿಂತಿದ್ದೀಯಲ್ಲ!"

ಫ್ರಾಂಚಿಶ್ಕಾ ಅತ್ತೆ ಗಸಗಸೆ ಹೂರಣದ ಕೊಲಾಚ್‌ಗಳ ತಟ್ಟೆಯನ್ನು ಅವಳ ಕೈಗೆ ತುರುಕಿದಳು. ಡೇರೆಯ ಮುಂದೆ ಜನರ ಸಾಲು ಕೊಟ್ಟಿಗೆಯವರೆಗೂ ಹೋಗಿತ್ತು. ಚರ್ಚಿನ ಹೆಂಗಸರು ಹನ್ನೆರಡು ಮಂದಿ ಬೆಳಗಿನ ಐದರಿಂದ ಕಾಫಿ ಕಾಯಿಸುತ್ತಲೇ ಇದ್ದರು. ರೂಜೆನಾ ನೋಡುತ್ತಿದ್ದದ್ದು ಜನರನ್ನಲ್ಲ. ಡೇರೆಯ ಹಿಂದಿನ ಪರದೆ ಸರಿದಿದ್ದ ಕಡೆಯಿಂದ ಇಳಿಜಾರು ಕಾಣುತ್ತಿತ್ತು. ಆರು ಬುಲ್ಡೋಜರ್‌ಗಳು ಒಂದರ ಹಿಂದೊಂದು ಮಣ್ಣು ತಳ್ಳುತ್ತಿದ್ದವು. ಐದು ಬದುಗಳಲ್ಲಿ ನಾಲ್ಕು ಆಗಲೇ ಎದ್ದು ನಿಂತಿದ್ದವು.

ಕೊಟ್ಟಿಗೆಯ ಮೇಲೆ ಕಟ್ಟಿದ ಬಟ್ಟೆಯಲ್ಲಿ ಆಳೆತ್ತರದ ಅಕ್ಷರಗಳಿದ್ದವು: "ಒಂದೇ ದಿನದಲ್ಲಿ ಹೊಸ ಹೊಲ! ಎಮಿಲ್ ಕುಚೇರಾ ಅವರ ಜಮೀನು, ೧೯೫೧." ನೆಬ್ರಾಸ್ಕಾದ ಈ ಭಾಗದಲ್ಲಿ ಮೂರು ವರ್ಷದಿಂದ ನಡೆದುಬಂದ ಹಬ್ಬ ಇದು. ಸವೆದುಹೋದ ಒಂದು ಜಮೀನನ್ನು ಆರಿಸುವುದು, ಟ್ರ್ಯಾಕ್ಟರ್ ಮಾರುವವರು ತಮ್ಮ ಯಂತ್ರಗಳನ್ನು ಪುಕ್ಕಟೆ ತಂದು ಇಳಿಸುವುದು, ಸೂರ್ಯ ಮುಳುಗುವುದರೊಳಗೆ ಬದು, ಕೆರೆ, ಬೇಲಿ ಎಲ್ಲ ಮಾಡಿ ಮುಗಿಸುವುದು. ಜನ ನೂರು ಮೈಲಿಯಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಈ ಸಲ ರಾಜಧಾನಿಯಿಂದ ಒಬ್ಬ ಸೆನೆಟರೂ ಬಂದಿದ್ದ.

"ಕೋಡಿ ಒಡೀತಾರಂತೆ, ಅತ್ತೆ," ಎಂದಳು ರೂಜೆನಾ.

"ಏನು ಒಡೀತಾರೋ ಏನೋ. ನೀನು ತಟ್ಟೆ ಒಡೀಬೇಡ."

ಬದುಗಳ ತುದಿಗಳೆಲ್ಲ ಬಂದು ಮುಟ್ಟುವ ತಗ್ಗಿನಲ್ಲಿ ಅವಳ ಹುಲ್ಲುಗಾಲುವೆ ಇತ್ತು, ನೀರು ಮಣ್ಣು ಕೊಚ್ಚದೆ ಇಳಿದುಹೋಗಲೆಂದು ಹುಲ್ಲು ಬೆಳೆಸಿದ ದಾರಿ. ಬರಗಾಲದ ಧೂಳಿನ ವರ್ಷಗಳು ಮುಗಿದು ಬಂದ ಮೊದಲ ದೊಡ್ಡ ಮಳೆಗೆ ಅಲ್ಲೊಂದು ಕೊರಕಲು ಬಿದ್ದಿತ್ತು. ಆ ವರ್ಷ ಮೊಣಕಾಲುದ್ದವಿದ್ದದ್ದು ಐದು ವರ್ಷಕ್ಕೆ ಒಳಗಿಳಿದ ಹಸು ಮೇಲಿಂದ ಕಾಣಿಸದಷ್ಟು ಆಳವಾಯಿತು. ಅಪ್ಪ ಅದಕ್ಕೆ ಹುಲ್ಲಿನ ಹೊರೆ, ಮುಳ್ಳುತಂತಿ, ಸತ್ತ ಮರ, ಕೊನೆಗೆ ಗಾಲಿಯಿಲ್ಲದ ಕಾರಿನ ಗೂಡನ್ನೂ ತುಂಬಿದ. ಕೊರಕಲು ಎಲ್ಲ ನುಂಗಿ ಮತ್ತೊಂದಿಷ್ಟು ಹೊಲ ತಿಂದಿತು. ಅಪ್ಪ ತೀರಿಕೊಂಡಾಗ ಅಣ್ಣ ಎಮಿಲ್ ಇಟಲಿಯಲ್ಲಿ ಯುದ್ಧದಲ್ಲಿದ್ದ. ಅವನು ಬಂದ ಮೇಲೂ ತಗ್ಗಿನ ಕೆಲಸ ರೂಜೆನಾಳದೇ. ಮೂರು ವರ್ಷ ಅವಳು ಎರಡು ಕುದುರೆ ಕಟ್ಟಿ ಅಂಚುಗಳನ್ನು ಕೆಡವಿ, ತಗ್ಗನ್ನು ತಟ್ಟೆಯ ಹಾಗೆ ಅಗಲ ಮಾಡಿ, ಗೊಬ್ಬರ ಹಾಸಿದ್ದಳು. ಹೋದ ಏಪ್ರಿಲ್‌ನಲ್ಲಿ ಬ್ರೋಮ್ ಹುಲ್ಲಿನ ಬೀಜ ಚೆಲ್ಲಿದ್ದಳು. ಭಾನುವಾರ ಚರ್ಚಿನಿಂದ ಬಂದವಳು ಬಟ್ಟೆ ಬದಲಿಸದೆ ಹೋಗಿ ಹುಲ್ಲಿನ ಪಕ್ಕ ಬೆರಳಿಟ್ಟು ಅಳೆಯುತ್ತಿದ್ದಳು. ಈಗ ಅದು ನಡುಬೆರಳಿನಷ್ಟಿತ್ತು. ಬೇರು ಅದಕ್ಕಿಂತ ಚಿಕ್ಕದು.

ಮೊದಲು ಹುಲ್ಲು, ಆಮೇಲೆ ನೀರು. ಇದನ್ನು ಅವಳಿಗೆ ಹೇಳಿಕೊಟ್ಟವನೇ ಸರ್ಕಾರದ ಮಣ್ಣು ಸಂರಕ್ಷಣೆ ಕಚೇರಿಯ ಹ್ಯಾಸ್ಕಿನ್ಸ್. ಬದು ಈಗ ಹಾಕಿದರೂ ತೊಂದರೆಯಿಲ್ಲ, ಬದುವಿನ ತುದಿಯಿಂದ ನೀರು ತಗ್ಗಿಗಿಳಿಯುವ ಕೋಡಿ ಮಾತ್ರ ಮುಚ್ಚಿಟ್ಟಿರಬೇಕು, ನೀರು ಬದುವಿನ ಹಿಂದೆಯೇ ನಿಂತು ಇಂಗಬೇಕು, ಹುಲ್ಲು ಎರಡು ಬೇಸಿಗೆ ಕಂಡ ಮೇಲೆ ಕೋಡಿ ತೆಗೆಯಬಹುದು. ಹಾಗೆಂದು ಅವನು ನಕ್ಷೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೂ ಕೊಟ್ಟಿದ್ದ.

ಅದೇ ಹ್ಯಾಸ್ಕಿನ್ಸ್ ಸಾಲಿನಲ್ಲಿ ನಿಂತು ಕಾಫಿಗೆ ಕೈ ನೀಡಿದ.

"ಕೋಡಿ ಇವತ್ತೇ ಒಡೀತಾರಂತೆ?" ಅವಳು ಲೋಟ ಬಿಡದೆ ಕೇಳಿದಳು.

"ಅಗ್ನಿಶಾಮಕದವರು ಮೂರು ಟ್ಯಾಂಕರ್ ತಂದಿದ್ದಾರೆ, ಮಿಸ್ ಕುಚೇರಾ. ಮೇಲಿಂದ ನೀರು ಬಿಡ್ತಾರೆ. ಹರಿಯೋದು ಕಾಣ್ದಿದ್ರೆ ಜನಕ್ಕೆ ಏನು ತಿಳಿಯತ್ತೆ ಅಂತ ಟ್ರ್ಯಾಕ್ಟರ್ ಅಂಗಡಿ ಬೋನ್ ಅವರು…"

"ಎರಡು ಬೇಸಿಗೆ ಅಂದಿದ್ರಿ."

"ಅಂದಿದ್ದೆ."

"ಮತ್ತೆ?"

"ಅಂದಿದ್ದೆ ಅಂದ್ನಲ್ಲ." ಅವನು ಲೋಟವನ್ನು ಮೆಲ್ಲಗೆ ಬಿಡಿಸಿಕೊಂಡ. ಕಿವಿಯ ತುದಿ ಕೆಂಪಾಗಿತ್ತು. "ನನ್ನ ಕೈಲಿ ಏನಿದೆ ಹೇಳಿ."

ಸಿಟ್ಟು ಬಂದರೆ ರೂಜೆನಾಳಿಗೆ ಮಾತು ನಿಂತುಹೋಗುತ್ತಿತ್ತು. ಚಿಕ್ಕಂದಿನಿಂದಲೂ ಹಾಗೆಯೇ. ಹೇಳಬೇಕಾದದ್ದು ರಾತ್ರಿ ಮಲಗಿದಾಗ ಸಾಲುಸಾಲಾಗಿ ನೆನಪಾಗುತ್ತಿತ್ತು. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಅಣ್ಣನನ್ನು ಹುಡುಕಿಕೊಂಡು ಹೊರಟಳು.

ಎಮಿಲ್ ವೇದಿಕೆಯ ಮೆಟ್ಟಿಲ ಬಳಿ ಸೆನೆಟರ್ ಜೊತೆ ನಿಂತಿದ್ದ. ಮದುವೆಗೆಂದು ಹೊಲಿಸಿ, ಮದುವೆ ಮುರಿದ ಮೇಲೆ ಪೆಟ್ಟಿಗೆ ಸೇರಿದ್ದ ಕೋಟು ತೊಟ್ಟಿದ್ದ. ಅವಳು ತೋಳು ಹಿಡಿದೆಳೆದಾಗ ನಗು ಮುಖದಿಂದಿಳಿಸದೆ ಪಕ್ಕಕ್ಕೆ ಬಂದ.

"ಟ್ಯಾಂಕರ್ ನಿಲ್ಸು, ಎಮಿಲ್. ಸಸಿ ಕಿತ್ಕೊಂಡು ಹೋಗತ್ತೆ."

"ಮೂರು ಟ್ಯಾಂಕರ್ ಕಣೇ, ಸಮುದ್ರ ಅಲ್ಲ."

"ಕೋಡಿ ಒಂದ್ಸಲ ಒಡೆದ್ರೆ ಮುಚ್ಚೋರು ಯಾರು? ಮುಂದಿನ ಮಳೆಗೆ…"

"ಮುಚ್ಚಿದ್ರೆ ನೀರು ನಿಲ್ಲತ್ತೆ. ನಾನು ಬಿತ್ತೋ ಗೋಧಿ ಕೊಳೆಯತ್ತೆ. ಅದು ಗೊತ್ತಾ ನಿನಗೆ?" ಅವನು ದನಿ ತಗ್ಗಿಸಿದ. "ಆರು ಬುಲ್ಡೋಜರ್ ಕಣೇ. ಅಪ್ಪ ಜನ್ಮವಿಡೀ ತೇಯ್ದರೂ ಆಗದ ಕೆಲಸ. ಇವರಿಗೆ ಏನು ಹೇಳ್ಲಿ, ನಮ್ಮ ರೂಜಾಳ ಹುಲ್ಲಿಗೆ ನೋವಾಗತ್ತೆ, ಮನೆಗೆ ಹೋಗಿ ಅಂತಾನಾ? ಇವತ್ತೊಂದಿನ ಡೇರೆಯಲ್ಲಿ ಇದ್ಬಿಡು. ನಿನ್ನ ಕಾಲಿಗೆ ಬೀಳ್ತೀನಿ."

ಕಾಲಿಗೆ ಬೀಳುವವನ ದನಿ ಅದಲ್ಲ. ಅವನು ಆಗಲೇ ತಿರುಗಿ ಸೆನೆಟರಿಗೆ ಕೊಟ್ಟಿಗೆಯ ಹೊಸ ಬಣ್ಣ ತೋರಿಸುತ್ತಿದ್ದ.

ವೇದಿಕೆಯ ಮೇಲೆ ಟ್ರ್ಯಾಕ್ಟರ್ ಅಂಗಡಿಯ ಕ್ಲಿಫರ್ಡ್ ಬೋನ್ ಮೈಕು ಹಿಡಿದ. "ಮಹನೀಯರೇ, ಮಹಿಳೆಯರೇ, ನಾಲ್ಕು ಕೋಡಿಗಳೂ ತೆರೆದಿವೆ! ಐದನೆಯ ಬದು ಮುಗೀತಾ ಇದೆ! ಈಗ ನೀರು ಓಡೋದನ್ನ ಬಿಟ್ಟು ನಡೆಯೋದನ್ನ ಕಲಿಯತ್ತೆ, ನೋಡಿ!"

ಟ್ಯಾಂಕರಿನ ನೀರು ಮೊದಲ ಬದುವಿನ ಹಿಂದೆ ನಿಜವಾಗಿಯೂ ನಡೆಯಿತು. ಜನ ತುದಿಗಾಲಲ್ಲಿ ನಿಂತು ನೋಡಿದರು. ಹಾಗೆ ನಡೆದು ಬಂದದ್ದು ಕೋಡಿಯಲ್ಲಿ ಒಟ್ಟಾಗಿ ತಗ್ಗಿಗೆ ಧುಮುಕಿತು. ಚಪ್ಪಾಳೆ ಬಿತ್ತು.

ರೂಜೆನಾ ಓಡಿದಳು. ಅವಳು ತಗ್ಗನ್ನು ಮುಟ್ಟುವಷ್ಟರಲ್ಲಿ ಎರಡು ಟ್ಯಾಂಕರ್ ಬರಿದಾಗಿ, ಮೂರನೆಯದರ ನಳಿಗೆ ಸಿಕ್ಕಿಕೊಂಡು ಯಾರೋ ಸುತ್ತಿಗೆಯಿಂದ ಬಡಿಯುತ್ತಿದ್ದರು. ಹುಲ್ಲುಗಾಲುವೆಯ ನಟ್ಟನಡುವೆ ಒಂದು ಗೇಣು ಅಗಲದ ಗೆರೆ ಬಿದ್ದಿತ್ತು. ಹಸಿರಿದ್ದ ಕಡೆ ಹಸಿಮಣ್ಣು, ಅದರ ಎರಡೂ ಅಂಚಿನಲ್ಲಿ ನೇತಾಡುವ ಬಿಳಿ ಬೇರುಗಳು. ಕಿತ್ತುಹೋದ ಸಸಿಗಳು ಕೆಳಗೆ ಬೇಲಿಕಂಬದ ಬುಡದಲ್ಲಿ ತೊಳೆದಿಟ್ಟ ಸೊಪ್ಪಿನ ಹಾಗೆ ಗುಡ್ಡೆಯಾಗಿದ್ದವು. ಅವಳು ಬಗ್ಗಿ ಬೆರಳಿಟ್ಟಳು. ಆಳ ಬೆರಳಿನ ಎರಡು ಗೆಣ್ಣು ಬಂತು. ಬರೀ ಎರಡು ಟ್ಯಾಂಕರ್ ನೀರಿಗೆ, ಮಳೆಯೂ ಅಲ್ಲ.

ಅವಳು ಎದ್ದು ಕೆಲಸದ ಮನೆಯ ಕಡೆ ನಡೆದಳು.

ಅಪ್ಪನ ಹಳೆಯ ಟ್ರ್ಯಾಕ್ಟರನ್ನು, ನೋಡಿದವರು ನಗಬಾರದೆಂದು, ಕೆಲಸದ ಮನೆಯ ಹಿಂದೆ ಅಡಗಿಸಿಟ್ಟಿದ್ದರು. ಹಿಂದೆ ಮಣ್ಣು ಎಳೆಯುವ ಹಲಗೆ ಕಟ್ಟಿಯೇ ಇತ್ತು. ಹಿಡಿಕೆ ಎರಡು ಸಲ ತಿರುವಿದರೂ ಅದು ಕೆಮ್ಮಿತಷ್ಟೆ. ಮೂರನೆಯ ಸಲ ಅವಳು ತಿರುವಿದ ರಭಸಕ್ಕೆ ಹೊಲಿಗೆ ಬಿಚ್ಚಿ ಅಂಗಿಯ ತೋಳು ಹರಿಯಿತು, ಟ್ರ್ಯಾಕ್ಟರು ಚಾಲೂ ಆಯಿತು. ಕಾಫಿ ಕೊಡುವಾಗ ಕಟ್ಟಿದ್ದ ಬಿಳಿ ಏಪ್ರನ್ನಿನಲ್ಲಿಯೇ ಅವಳು ಹತ್ತಿ ಕುಳಿತಳು.

ಮೊದಲ ಕೋಡಿಯ ಎರಡು ಬದಿಗೂ ಬುಲ್ಡೋಜರ್ ತಳ್ಳಿದ ಸಡಿಲ ಮಣ್ಣು ಬಿದ್ದಿತ್ತು. ಅವಳು ಹಲಗೆ ಇಳಿಸಿ ಅದನ್ನು ಕೋಡಿಯ ಬಾಯಿಗೆ ಎಳೆದಳು. ಮತ್ತೆ ಹಿಂದಕ್ಕೆ ಬಂದು ಎಳೆದಳು.

"ನೋಡಿ, ಅಲ್ಲಿ ನೋಡಿ!" ಧ್ವನಿವರ್ಧಕ ಕೂಗಿತು. "ಮನೆಮಗಳೂ ಕೈ ಹಾಕಿದಳು! ಕಾಫಿ ಕೊಟ್ಟವಳೇ ಕಣ್ರಪ್ಪಾ! ಮದುವೆ ಆಗದ ಹುಡುಗರು ಯಾರಾದ್ರೂ ಇದ್ದೀರಾ? ಇಂಥ ಹೆಣ್ಣು ಸಿಕ್ರೆ ಟ್ರ್ಯಾಕ್ಟರ್ ನನ್ನ ಅಂಗಡಿಯಿಂದ ಪುಕ್ಕಟೆ!"

ಮೂರು ಸಾವಿರ ಜನ ನಕ್ಕರು. ಆಮೇಲೆ ಚಪ್ಪಾಳೆ ತಟ್ಟಿದರು. ಹೆಂಗಸರು ಕರವಸ್ತ್ರ ಬೀಸಿದರು. ಅವಳು ತಿರುಗಿ ನೋಡಲಿಲ್ಲ. ಹಲ್ಲು ಕಚ್ಚಿದ ದವಡೆ ನೋಯುತ್ತಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಕಲ್ಲು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಚಪ್ಪಾಳೆ ಮಾತ್ರ ಬೆನ್ನ ಮೇಲೆ ಯಾರೋ ಎಂಜಲು ಉಗಿದ ಹಾಗಿತ್ತು.

ಎರಡನೆಯ ಕೋಡಿಯಲ್ಲಿರುವಾಗ ಎಮಿಲ್ ಓಡೋಡಿ ಬಂದ. ಜನ ನೋಡುತ್ತಿದ್ದರಲ್ಲ, ಅವನ ಮುಖದ ತುಂಬ ನಗು. ಯಂತ್ರದ ಸದ್ದಿನಲ್ಲಿ ಮಾತು ಯಾರಿಗೂ ಕೇಳದೆಂಬ ಧೈರ್ಯ ಬಾಯಿಗೆ.

"ಇಳಿ ಕೆಳಗೆ. ಹುಚ್ಚು ಹಿಡಿದಿದೆಯಾ ನಿನಗೆ?"

"ಇಳಿಯಲ್ಲ."

"ನನ್ನ ಮಾನ ಕಳೀಬೇಡ. ನನ್ನ ಹೊಲ ಇದು."

"ಹೌದೌದು, ಬಟ್ಟೆ ಮೇಲೆ ಬರೆದಿದೆ, ಓದಿದೆ," ಎಂದಳು ರೂಜೆನಾ. ಮಾತು ಬಂದಿತ್ತು. ರಾತ್ರಿಗೆ ಕಾಯದೆ ಬಂದಿತ್ತು. "ನೀನು ಇಟಲಿಯಲ್ಲಿದ್ದಾಗ ಯಾರ ಹೊಲ ಆಗಿತ್ತು? ಆ ಕೊರಕಲಲ್ಲಿ ಬಿದ್ದ ಹಸೂನ ಹಗ್ಗ ಕಟ್ಟಿ ಎಳೆದೋರು ಯಾರು, ನಿನ್ನ ಸೆನೆಟರ್ರಾ? ಹೋಗು, ಹೋಗಿ ತಗ್ಗು ನೋಡ್ಕೊಂಡು ಬಾ. ಎರಡು ಟ್ಯಾಂಕರಿಗೇ ಎರಡು ಗೆಣ್ಣು. ಆಮೇಲೆ ಬಂದು ಮಾನದ ಮಾತಾಡು."

"ಗೋಧಿ, ರೂಜಾ! ಪ್ರತಿ ಬದುವಿನ ಹಿಂದೆ ಒಂದೂವರೆ ಎಕರೆ ಮುಳುಗತ್ತೆ!"

"ಮುಳುಗ್ಲಿ! ಬಿತ್ತಬೇಡ ಅಲ್ಲಿ. ಬಿತ್ತಿದ್ರೆ ಕೊಳೀಲಿ. ಸರಿ ಪಕ್ಕಕ್ಕೆ, ಇಲ್ಲಾಂದ್ರೆ ನಿನ್ನ ಹೊಸ ಬೂಟಿನ ಮೇಲೆ ಹತ್ತಿಸ್ತೀನಿ."

ಅವನು ಸರಿದ. ನಗು ಮುಖದಲ್ಲಿ ಹಾಗೆಯೇ ಇತ್ತು, ತೆಗೆಯಲು ಮರೆತವನಂತೆ.

ಮೂರನೆಯ ಕೋಡಿಯ ಹತ್ತಿರ ಹ್ಯಾಸ್ಕಿನ್ಸ್ ನಿಂತಿದ್ದ. ಬೇರೆ ಕಡೆ ನೋಡುತ್ತ, ತುಟಿ ಹೆಚ್ಚು ಅಲ್ಲಾಡಿಸದೆ ಹೇಳಿದ: "ಇನ್ನೊಂದು ಗೇಣು ಎತ್ತರ ಹಾಕಿ. ಇಲ್ದಿದ್ರೆ ದೊಡ್ಡ ಮಳೆಗೆ ನೀರು ಅದರ ತಲೆ ಮೇಲೆ ಹರಿದು ಬದೂನೇ ಒಡೀಬಹುದು."

ಅವಳು ಟ್ರ್ಯಾಕ್ಟರ್ ನಿಲ್ಲಿಸಿದಳು. "ಇದನ್ನ ಮೈಕಲ್ಲಿ ಹೇಳಿ."

"ಮಿಸ್ ಕುಚೇರಾ…"

"ನನಗೆ ಗೊತ್ತಿರೋದನ್ನ ನನಗೇ ಪಿಸುಗುಟ್ಟೋಕೆ ಬಂದ್ರಾ? ಅಲ್ಲಿ ಮೂರು ಸಾವಿರ ರೈತರಿದ್ದಾರೆ. ನಾಳೆ ಹೋಗಿ ಅವರೂ ಹುಲ್ಲಿಗೆ ಮುಂಚೆ ಕೋಡಿ ತೆಗೀತಾರೆ. ಹೋಗಿ ಹೇಳಿ."

ಹ್ಯಾಸ್ಕಿನ್ಸ್ ವೇದಿಕೆಯ ಕಡೆ ನಡೆದ. ನಾಲ್ಕನೆಯ ಕೋಡಿ ಮುಚ್ಚುತ್ತ ಅವಳು ಕಿವಿಗೊಟ್ಟಿದ್ದಳು. ಅವನು ಮೆಟ್ಟಿಲು ಹತ್ತಿದ್ದು ಕಂಡಿತು, ಬೋನ್ ಹೆಗಲ ಮೇಲೆ ಕೈ ಹಾಕಿದ್ದು ಕಂಡಿತು. ಆಮೇಲೆ ಧ್ವನಿವರ್ಧಕದಲ್ಲಿ ಅಕಾರ್ಡಿಯನ್ ಶುರುವಾಯಿತು, ಪೋಲ್ಕಾ ಕುಣಿತದ ಧಾಟಿ. ಅವನು ಇಳಿದು ಕಾರುಗಳ ಸಾಲಿನಲ್ಲಿ ಮರೆಯಾದ.

ಐದನೆಯ ಬದುವಿನ ತುದಿಯಲ್ಲಿ ಬುಲ್ಡೋಜರ್ ಕೋಡಿ ತೆಗೆಯಲು ಮೂತಿ ಇಳಿಸುತ್ತಿತ್ತು. ಅವಳು ಅದರೆದುರಿಗೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದಳು. ಮೇಲಿದ್ದ ಚಾಲಕ, ಎಲ್ಲಿಂದಲೋ ಬಂದ ನಡುವಯಸ್ಸಿನವನು, ಟೋಪಿ ಹಿಂದಕ್ಕೆ ತಳ್ಳಿ ಅವಳ ಹರಿದ ತೋಳು, ಮಣ್ಣಾದ ಏಪ್ರನ್, ಆಮೇಲೆ ಕೆಳಗಿನ ತಗ್ಗು ನೋಡಿದ.

"ಹುಲ್ಲು ಎಷ್ಟು ತಿಂಗಳದ್ದು?"

"ಐದು."

"ಥೂ ಇವರ!" ಎಂದು ಪಕ್ಕಕ್ಕೆ ಉಗಿದು ಯಂತ್ರ ಆರಿಸಿದ. "ನಂಗೆ ಊಟದ ಹೊತ್ತಾಯ್ತು ತಾಯಿ."

ಮೂರನೆಯ ಟ್ಯಾಂಕರಿನ ನಳಿಗೆ ಕೊನೆಗೂ ಬಿಚ್ಚಿಕೊಳ್ಳಲಿಲ್ಲ. ಆ ವಾರದ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. "ಅಣ್ಣನ ಹೊಸ ಹೊಲಕ್ಕೆ ತಂಗಿಯ ನೆರವು." ಅಮ್ಮ ಕತ್ತರಿಸಿ ಇಡಬೇಕೆಂದಿದ್ದಳು. ರೂಜೆನಾ ಅದನ್ನು ಒಲೆಗೆ ಹಾಕಿದಳು.

ಎಮಿಲ್ ಹಟಕ್ಕೆ ಬಿದ್ದು ಬದುವಿನ ಬುಡದವರೆಗೂ ಗೋಧಿ ಬಿತ್ತಿದ. ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ಅಮ್ಮನನ್ನು ಕೇಳುತ್ತಿದ್ದ, ರೂಜೆನಾ ಉಪ್ಪನ್ನು ಅಮ್ಮನ ಕಡೆಗೆ ತಳ್ಳುತ್ತಿದ್ದಳು. ಅವಳು ಕಿತ್ತುಹೋದ ಗೆರೆಗೆ ಹುಲ್ಲುಗಾವಲಿನಿಂದ ಹೆಂಟೆಸಮೇತ ಹುಲ್ಲು ಕಡಿದು ತಂದು ಕೂರಿಸಿದಳು, ಐದೂ ಕೋಡಿಗಳ ಮೇಲೆ ಗುದ್ದಲಿಯಿಂದ ಇನ್ನೊಂದು ಗೇಣು ಮಣ್ಣು ಏರಿಸಿದಳು. ಅಕ್ಟೋಬರ್ ಮೊದಲ ವಾರ, ಗೋಧಿ ಸೂಜಿಯಷ್ಟು ಎದ್ದಿದ್ದಾಗ, ಎರಡು ಹಗಲು ಒಂದು ರಾತ್ರಿ ಎಡೆಬಿಡದೆ ಮಳೆ ಹೊಡೆಯಿತು.

ಮಳೆ ನಿಂತ ಬೆಳಿಗ್ಗೆ ಅವಳು ಮೊದಲು ತಗ್ಗಿಗೆ ಹೋದಳು. ಹುಲ್ಲಿನ ಮೇಲೆ ಬಿದ್ದ ಮಳೆಯಷ್ಟೇ ಅಲ್ಲಿ ಸಣ್ಣಗೆ, ತಿಳಿಯಾಗಿ ಹರಿಯುತ್ತಿತ್ತು. ಕೂರಿಸಿದ ಹೆಂಟೆಗಳು ಜಾಗ ಬಿಟ್ಟಿರಲಿಲ್ಲ. ಮೇಲೆ ಬಂದಾಗ ಎಮಿಲ್ ಮೂರನೆಯ ಬದುವಿನ ಮೇಲೆ ನಿಂತಿದ್ದ. ಇಳಿಜಾರಿನುದ್ದಕ್ಕೂ ಐದು ಉದ್ದನೆಯ ನೀರು, ಒಂದರ ಕೆಳಗೊಂದು, ಅಲುಗಾಡದೆ. ಗೋಧಿ ಎಲ್ಲೂ ಕಾಣಿಸುತ್ತಿರಲಿಲ್ಲ.

ಎರಡು ಕಾಡುಬಾತುಗಳು ತೆಂಕಣಕ್ಕೆ ಹೋಗುವ ದಾರಿಯಲ್ಲಿ ಬಾಗಿ ಬಂದು ಅವನೆದುರಿನ ನೀರಿನಲ್ಲಿಯೇ ಇಳಿದವು. ಎಮಿಲ್ ಬಗ್ಗಿ ಬದುವಿನ ಒಂದು ಮಣ್ಣುಹೆಂಟೆ ತೆಗೆದು ಇದ್ದ ಬಲವನ್ನೆಲ್ಲ ಹಾಕಿ ಬೀಸಿದ. ಬಾತುಗಳು ಕಿರುಚಿ ಎದ್ದು, ಅವನ ತಲೆಯ ಮೇಲೆ ಒಂದು ಸುತ್ತು ಹಾಕಿ, ಮೇಲಿನ ಬದುವಿನ ನೀರಿನಲ್ಲಿ ಹೋಗಿ ಕುಳಿತವು.