ಶರಟಿಲ್ಲದ ಭೇಟಿ

"ತೋಳು ಏಳ್ತಿಲ್ಲ, ನೀನೇ ತೊಡಿಸು," ಎಂದ ದರ್ಜಿ, ಇಸ್ತ್ರಿ ಮಾಡಿದ ಶರಟನ್ನು ಕಣ್ಣಲ್ಲೇ ತೋರಿಸಿ.

ಹೆಂಡತಿ ಕದಲಲಿಲ್ಲ. ಫೋನಿನ ವಿಡಿಯೊದಲ್ಲಿ ಡಾಕ್ಟರಮ್ಮ ಬರುವ ಹೊತ್ತಾಗಿತ್ತು. ವಾರಕ್ಕೊಮ್ಮೆ ಇದೇ ನಾಟಕ. ಗಡ್ಡ ಹೆರೆದು, ತಲೆ ಬಾಚಿ, ಬೆನ್ನಿಗೆ ದಿಂಬು ಒತ್ತಿ ಅವನನ್ನು ಕೂರಿಸುವವಳು ಇವಳೇ. ಮನೆಗೆ ದೊಡ್ಡವರು ಬಂದಾಗ ಹರಕು ಚಾಪೆಯನ್ನು ಒಳಗೆಳೆಯುವ ಹಾಗೆ ಅವನು ನೋವನ್ನು ಒಳಗೆಳೆದುಕೊಂಡು, "ಆರಾಮಾಗಿದ್ದೀನಮ್ಮ" ಅನ್ನುತ್ತಿದ್ದ. ಡಾಕ್ಟರಮ್ಮನೂ ಸಮಾಧಾನವಾಗಿ, ಹಳೆಯ ಔಷಧಿಯನ್ನೇ ಮುಂದುವರಿಸಿ ಅನ್ನುತ್ತಿದ್ದರು. ಫೋನ್ ಇಟ್ಟ ಮೇಲೆ ಅವನು ಟವೆಲ್ ಕಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಗುಣವಾಗುವ ಕಾಯಿಲೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಇನ್ನು ಬೇಕಾದದ್ದು ನೋವಿಲ್ಲದ ನಿದ್ದೆಯೊಂದೇ, ಅದೂ ಸಿಗುತ್ತಿರಲಿಲ್ಲ.

"ಏನೇ, ಕಿವಿ ಕೇಳಿಸಲ್ವಾ?"

"ಇವತ್ತು ಶರಟಿಲ್ಲ. ಹೀಗೇ ಇರಿ."

"ಬರೀ ಮೈಯಲ್ಲಾ? ಊರಿಗೆಲ್ಲ ಬಟ್ಟೆ ಹೊಲಿದವನ ಮರ್ಯಾದೆ ಕಳೀತೀಯಾ?"

"ಮರ್ಯಾದೆ ಹರಿದ್ರೆ ನಾನು ತೇಪೆ ಹಾಕ್ತೀನಿ ಬಿಡಿ."

"ನೋವು ಅಂದ್ರೆ ಮತ್ತೆ ವಾರ್ಡಿಗೆ ಎಳ್ಕೊಂಡು ಹೋಗ್ತಾರೆ ಕಣೇ. ಅಲ್ಲಿ ಸಾಯಲ್ಲ ನಾನು."

ಆ ಭಯ ಅವಳಿಗೂ ಇತ್ತು. ಇಷ್ಟು ದಿನ ನಾಟಕಕ್ಕೆ ಜೊತೆಯಾದದ್ದೂ ಅದಕ್ಕೇ. ಆದರೆ ಫೋನ್ ರಿಂಗಾದಾಗ ಅವಳು ದಿಂಬಿಗೆ ಕೈ ಹಾಕಲಿಲ್ಲ. ಎದೆಗೂಡು ಎದ್ದು ಕಾಣುವ ಮೈ, ಮಂಚದ ಅಂಚನ್ನು ಹಿಡಿದ ಮುಷ್ಟಿ, ಎಲ್ಲವೂ ಕಾಣುವ ಹಾಗೆ ಫೋನನ್ನು ಅವನ ಕಡೆಗೆ ಹಿಡಿದಳು.

"ಡಾಕ್ಟ್ರಮ್ಮ, ಇಷ್ಟು ದಿನ ನಿಮಗೆ ಸುಳ್ಳು ತೋರಿಸ್ತಿದ್ವಿ. ಇವ್ರು ಇರೋದು ಹೀಗೆ. ನೋವಿಗೆ ಕಣ್ಣೇ ಮುಚ್ಚಲ್ಲ. ಆದ್ರೆ ಆಸ್ಪತ್ರೆಗೆ ಮಾತ್ರ ಕಳಿಸಲ್ಲ, ಮೊದಲೇ ಹೇಳ್ತೀನಿ."

ಡಾಕ್ಟರಮ್ಮ ಮುಖವನ್ನು ಹತ್ತಿರ ತಂದರು. "ಆಸ್ಪತ್ರೆಗೆ ಬನ್ನಿ ಅಂದೋರು ಯಾರು? ನೀವು ಮನೇಲೇ ಇರ್ಬೇಕು ಅಂತ ತಾನೇ ಯಜಮಾನ್ರೇ, ನಾನು ಈ ಅಂಗೈಯಗಲದ ಫೋನಲ್ಲಿ ಬಂದು ಕೂರೋದು! ಎಲ್ಲಿ ನೋವು, ಬೆರಳಿಟ್ಟು ತೋರಿಸಿ."

ದರ್ಜಿ ಹೆಂಡತಿಯನ್ನು ಸುಟ್ಟುಬಿಡುವ ಹಾಗೆ ನೋಡಿದ. ಆಮೇಲೆ ಮುಷ್ಟಿ ಬಿಡಿಸಿ, ಬಟ್ಟೆಯ ಮೇಲೆ ಗುರುತು ಹಾಕುವ ಹಾಗೆ ತೋರುಬೆರಳನ್ನು ಸೊಂಟದಿಂದ ಪಕ್ಕೆಯವರೆಗೆ ಎಳೆದ.

"ಇಲ್ಲಿಂದ... ಇಲ್ಲೀವರೆಗೆ."

ಮಧ್ಯಾಹ್ನ ಡಾಕ್ಟರಮ್ಮ ಕಳಿಸಿದ ನರ್ಸ್ ಬಂದು ಹೊಸ ಸಿರಪ್ ಕೊಟ್ಟು, ನೋವು ಏಳುವ ಮೊದಲೇ ಕುಡಿಸಬೇಕೆಂದು ಅಳತೆ ತೋರಿಸಿ ಹೋದಳು. ಅವನು ಕುಡಿದು, ಹೆಂಡತಿಯ ಕಡೆಯಿಂದ ಮುಖ ತಿರುಗಿಸಿದ. ಮಾತು ಬೇಡದಿದ್ದರೆ ಬಿಡಲಿ ಎಂದು ಅವಳು ಮಂಚದ ಪಕ್ಕ ಕೂತಳು.

ಸಂಜೆ ಬೀದಿಯಲ್ಲಿ ಮಕ್ಕಳು ಚೆಂಡಿಗಾಗಿ ಕಿತ್ತಾಡುತ್ತಿದ್ದರು. ಕಿಟಕಿ ಮುಚ್ಚಲು ಎದ್ದವಳು ತಿರುಗಿ ನೋಡಿದಳು. ಆ ಗದ್ದಲದಲ್ಲೂ ದರ್ಜಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಅವಳು ಕಿಟಕಿಯನ್ನು ಹಾಗೇ ಬಿಟ್ಟು, ಅಲ್ಲೇ ನೆಲದ ಮೇಲೆ ಕಾಲು ಚಾಚಿದಳು.