ತುಂಬಿದ ಒಂಬತ್ತು

“ಒಂಬತ್ತೇ ಹೆಸರು,” ಎಂದಳು ಗಥೋನಿ, ಗುಹೆಯೆದುರು ಹೊಸದಾಗಿ ನೆಟ್ಟಿದ್ದ ಹುತಾತ್ಮರ ಫಲಕದ ಮೇಲೆ ಬೆರಳಾಡಿಸುತ್ತ.

ಬೆಳಗಿನಿಂದ ನ್ಯಾಂಡರುವಾ ಬೆಟ್ಟದ ಜಲಪಾತ, ಬಿದಿರುಕಾಡು ಎಲ್ಲ ಸುತ್ತಿ, ಬೇಯಿಸಿದ ಗೆಣಸು ತಿಂದು, ಕೊನೆಗೆ ಗಚಂಜ ಎಲ್ಲರನ್ನೂ ಇಲ್ಲಿಗೆ ಕರೆತಂದಿದ್ದ. ಬಿಳಿಯರ ಕಾಲದಲ್ಲಿ ಹೋರಾಟಗಾರರು ಅಡಗಿದ್ದ ಗುಹೆ. ಅದರ ಬಾಯಿ ಬಂಡೆಗಳಿಂದ ಮುಚ್ಚಿಹೋಗಿತ್ತು. ನಾನು ಬರುವುದಿಲ್ಲ ಎಂದು ಮೂರು ಸಲ ಹೇಳಿದ್ದ ಅತ್ತೆ ವೈಥೇರಳ ಮುಖವನ್ನೇ ಗಚಂಜನ ಹೆಂಡತಿ ನ್ಯೊಕಾಬಿ ಗಮನಿಸುತ್ತಿದ್ದಳು.

“ಇವರ ಜೊತೆ ಒಳಗಿದ್ದ ಇನ್ನೊಬ್ಬ ನನ್ನ ಸೋದರಮಾವ ಕಮೊಂದೊ,” ಗಚಂಜ ಮಗಳಿಗೆ ಹೇಳಿದ. “ಇವರನ್ನೆಲ್ಲ ಸಿಪಾಯಿಗಳಿಗೆ ಹಿಡ್ಕೊಟ್ಟು ಓಡಿಹೋದ ಮಹಾನುಭಾವ. ನನ್ನ ಈಗಲೂ ‘ದ್ರೋಹಿಯ ಅಳಿಯ’ ಅಂತಾರೆ ಊರಲ್ಲಿ.”

“ಅವನು ಓಡಿಹೋಗ್ಲಿಲ್ಲ,” ಎಂದಳು ವೈಥೇರ.

“ಮತ್ತೆ ಎಲ್ಲಿಗೆ ಹೋದನಮ್ಮಾ? ಸಿಕ್ಕಿದ್ದು ಒಂಬತ್ತೇ ಹೆಣ ಅಲ್ವಾ?”

ಮುದುಕಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. “ಹಿಡ್ಕೊಟ್ಟಿದ್ದು ನಾನು. ಊಟದ ಬುಟ್ಟಿ ತರ್ತಾ ಸಿಕ್ಕಿಬಿದ್ದೆ. ಹನ್ನೊಂದು ವರ್ಷ ನಂಗೆ. ಹೊಡೆದ್ರು. ಒಳಗೆ ಎಷ್ಟು ಜನ ಅಂತ ಕೇಳಿದ್ರು.”

“ಏನಂದ್ರಿ ಅತ್ತೆ?”

“ತುಂಬಿದ ಒಂಬತ್ತು.”

“ಅಂದ್ರೆ ಹತ್ತು!” ಗಥೋನಿ ಜಾಣತನ ತೋರಿದಳು. “ಮನುಷ್ಯರನ್ನ ಹತ್ತು ಅಂತ ಎಣಿಸಿದ್ರೆ ಕೇಡಾಗತ್ತೆ. ಅಜ್ಜೀನೇ ಹೇಳ್ಕೊಟ್ಟಿದ್ದು.”

“ನಮ್ಮವನಾಗಿದ್ರೆ ತಿಳೀತಿತ್ತು. ಆ ದುಭಾಷಿ ಕರಾವಳಿಯವನು. ಬಿಳಿ ದೊರೆಗೆ ಬರೀ ಒಂಬತ್ತು ಅಂದ. ಗುಂಡು ಹಾರಿಸಿ ಕೊಂದ್ರು. ಹೆಣಗಳನ್ನ ಸಾಲಾಗಿ ಮಲಗಿಸಿದ್ರು, ಎಣಿಸಿದ್ರು, ಲೆಕ್ಕ ಸರಿಹೋಯ್ತು ಅಂದ್ರು. ಅದ್ರಲ್ಲಿ ಅಣ್ಣ ಇರ್ಲಿಲ್ಲ. ಕಾಲಿಗೆ ಗಾಯ ಆಗಿ ವಾರದಿಂದ ಗುಹೆಯ ಕೊನೇಲಿ ಮಲಗಿದ್ದ. ಉಳ್ಕೊಂಡ ಅಂತ ನಂಗೆ ಒಳಗೊಳಗೇ ಖುಷಿ. ಸುಮ್ನಿದ್ದೆ. ಆಮೇಲೆ ಗುಹೆ ಬಾಯಿಗೆ ಸಿಡಿಮದ್ದು ಇಟ್ರು.”

ನ್ಯೊಕಾಬಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಐವತ್ತು ವರ್ಷ ಅಮ್ಮಾ!” ಎಂದ ಗಚಂಜ. “ಊರೆಲ್ಲ ಅವನ ಹೆಸರಿಗೆ ಉಗೀತಿದ್ರೂ ಕೇಳ್ಕೊಂಡು ಇದ್ಯಲ್ಲ?”

“ಉಗೀಲಿ ಅಂತ ಬಿಟ್ಟೆ. ಅವರ ಬಾಯಲ್ಲಾದ್ರೂ ಓಡಿಹೋಗಿ ಎಲ್ಲೋ ಬದುಕಿದ್ನಲ್ಲ.”

ಗಚಂಜ ಬಂಡೆಗಳ ಬಳಿಗೆ ಹೋದ. ಒಂದರ ಅಂಚಿಗೆ ಎರಡೂ ಕೈ ಕೊಟ್ಟು ಜಗ್ಗಿದ. ಅದು ಮಿಸುಕಲಿಲ್ಲ, ಪಾಚಿಯಷ್ಟೇ ಸುಲಿದು ಅಂಗೈಗೆ ಬಂತು. ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅವನು ಹಿಡಿದುಕೊಂಡೇ ನಿಂತ.