ಗಡಿಯ ಮೇಲಿನ ಗುಂಡಿ

ಬೆಳಗಿನಿಂದ ಅಷ್ಟು ಜನ ಸಲಿಕೆ ಹಿಡಿದಿದ್ದರೂ ಗುಂಡಿ ಅರ್ಧವೂ ತುಂಬಿರಲಿಲ್ಲ. ಬ್ರಿಟಿಷ್ ಸೈನ್ಯ ಸಿಡಿಮದ್ದಿಟ್ಟು ಹಾರಿಸಿದ ರಸ್ತೆ ಅದು. ಪಕ್ಕದ ಹಳ್ಳ ದಾಟಿದರೆ ಐರ್ಲೆಂಡ್ ಗಣರಾಜ್ಯ, ಈಚೆಗೆಲ್ಲ ಬ್ರಿಟನ್ನಿನ ಆಳ್ವಿಕೆ. ಬ್ರಿಟನ್ನಿನ ವಿರುದ್ಧ ಕಾದುವ ಬಂದೂಕಿನವರು ಗಡಿ ದಾಟಿ ಓಡಾಡಬಾರದೆಂದು ಹಾಗೆ ಮಾಡಿದರಂತೆ. ಬಂದೂಕಿನವರಿಗೇನು, ಹೊಲಗಳಿದ್ದವು. ನಿಂತುಹೋದದ್ದು ಹಾಲಿನ ಗಾಡಿ, ಶಾಲೆಯ ಮಕ್ಕಳು, ಭಾನುವಾರ ಚರ್ಚಿನ ಬಲಿಪೂಜೆಗೆ ಹೋಗುವ ಮುದುಕಿಯರು. ನಮ್ಮವರು ಗುಂಡಿ ಮುಚ್ಚುವುದು, ಸೈನ್ಯ ಮತ್ತೆ ಸಿಡಿಸುವುದು ನಡೆದೇ ಇತ್ತು.

ಇಂದಿನ ಅವಸರ ಮಾತ್ರ ಬೇರೆ. ಪ್ಯಾಕಿ ಮೆಗವರ್ನ್ ತೀರಿಕೊಂಡು ಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ಮನೆ ಈಚೆ, ಚರ್ಚೂ ಸ್ಮಶಾನವೂ ಹಳ್ಳದಾಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ. ಬದುಕಿದ್ದಾಗ ಚರ್ಚಿಗೆ ನಡೆದ ದಾರಿಯಲ್ಲೇ ಸತ್ತವರನ್ನೂ ಒಯ್ಯಬೇಕೆಂಬುದು ನಮ್ಮ ಕಡೆಯ ಕಟ್ಟಳೆ. ಸುತ್ತು ದಾರಿಯೊಂದಿತ್ತು. ಅಲ್ಲಿ ಸೈನಿಕರ ತಪಾಸಣೆ, ಪೆಟ್ಟಿಗೆ ತೆರೆಸಿದರೂ ತೆರೆಸಿಯಾರು. ಹೋದರೆ ಅವನ ದಾರಿಯಲ್ಲೇ ಹೋಗಲಿ, ಇಲ್ಲದಿದ್ದರೆ ಮನೆಯಲ್ಲೇ ಇರಲಿ ಎಂದು ಅವನ ಹೆಂಡತಿ ಡಿಂಪ್ನಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಮಧ್ಯಾಹ್ನದ ಹೊತ್ತಿಗೆ ಕಲ್ಲು ಮುಗಿಯಿತು. ಬರೀ ಮಣ್ಣಿನ ಮೇಲೆ ಕಾಲಿಟ್ಟರೆ ಮೊಣಕಾಲಿನ ತನಕ ಹೂತುಹೋಗುತ್ತಿತ್ತು. ಪಕ್ಕದ ಹೊಲದ ಹರ್ಬಿ ಎಲಿಯಟ್ಟನ ಅಂಗಳದಲ್ಲಿ ಕೆಡವಿದ ಕೊಟ್ಟಿಗೆಯ ಕಲ್ಲು ರಾಶಿ ಬಿದ್ದಿತ್ತು, ಟ್ರ್ಯಾಕ್ಟರೂ ಇತ್ತು. ಕೇಳಿ ಬರುತ್ತೇನೆಂದು ಪ್ಯಾಕಿಯ ತಮ್ಮ ಬಾರ್ನಿ ಹೊರಟಾಗ ಡಿಂಪ್ನಾ ತಡೆದಳು.

"ಬೇಡ ಬಾರ್ನಿ. ನಾವು ಕೇಳಿದ್ರೆ ಅವನಿಗೆ ಇಲ್ಲ ಅನ್ನೋಕಾಗಲ್ಲ. ಬಂದ್ರೆ ಅವನ ಜನ ಅವನನ್ನ ಸುಮ್ನೆ ಬಿಡಲ್ಲ."

ಅದು ನಿಜ. ನಾವು ಕ್ಯಾಥೊಲಿಕರು, ಹರ್ಬಿ ಪ್ರಾಟೆಸ್ಟೆಂಟ್, ಬ್ರಿಟನ್ನಿನ ರಾಣಿಯ ಕಡೆಯವನು, ಮಗ ಬೇರೆ ಪೊಲೀಸು. ಗುಡ್ಡದ ಮೇಲಿನ ಕಾವಲು ಗೋಪುರದಿಂದ ದುರ್ಬೀನು ಹಿಡಿದವರು ಗುಂಡಿಯ ಬಳಿ ಬಂದವರ ಮುಖವನ್ನೆಲ್ಲ ನೋಡುತ್ತಿದ್ದರು. ಹಳ್ಳದಾಚೆಗೆ ಹೋದರಂತೂ ಪೊಲೀಸನ ಅಪ್ಪನ ಮೇಲೆ ಬಂದೂಕಿನವರ ಕಣ್ಣು. ಗಂಡನ ಹೆಣ ಮನೆಯಲ್ಲಿರುವಾಗ ನೆರೆಯವನ ಜೀವದ ಚಿಂತೆ ಮಾಡುವ ಹೆಂಗಸು ಎಂಥ ದೊಡ್ಡ ಮನಸ್ಸಿನವಳೋ! ಬಾರ್ನಿ ಮತ್ತೆ ಸಲಿಕೆ ಎತ್ತಿಕೊಂಡ.

ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಹರ್ಬಿಯೇ, ಹಿಂದೆ ಟ್ರೈಲರಿನ ತುಂಬ ಕಲ್ಲು. ಕದ್ದುಮುಚ್ಚಿ ಬಂದಿರಲಿಲ್ಲ ಅವನು. ಭಾನುವಾರ ಚರ್ಚಿಗೆ ಹಾಕುವ ಕರಿ ಕೋಟು ತೊಟ್ಟು, ಟೈ ಕಟ್ಟಿ, ಗೋಪುರದವರಿಗೆ ಚೆನ್ನಾಗಿ ಕಾಣಲಿ ಎಂಬಂತೆ ನೆಟ್ಟಗೆ ಕೂತು ಬಂದಿದ್ದ.

ಡಿಂಪ್ನಾ ಒಮ್ಮೆ ಗುಡ್ಡದ ಕಡೆ ನೋಡಿದಳು. "ನಿನ್ನನ್ನ ಯಾರೂ ಕರೀಲಿಲ್ಲ, ಹರ್ಬಿ."

"ಆ ಸಿಟ್ಟಿಗೇ ಬಂದೆ. ಜೀವಮಾನ ಪೂರ್ತಿ ನನ್ನ ಜೊತೆ ಬೇಲಿ ಜಗಳ ಆಡಿದವನು. ಅವನು ಹೊರಡುವಾಗ ನನಗೊಂದು ಮಾತು ಹೇಳೋದು ಬೇಡ್ವಾ?"

ಡಿಂಪ್ನಾ ಬದಿಗೆ ಸರಿದು ಟ್ರ್ಯಾಕ್ಟರಿಗೆ ದಾರಿ ಬಿಟ್ಟಳು. ಕಲ್ಲು ಹೊರುವುದಕ್ಕೂ ಮದುವೆ ಗಂಡಿನ ವೇಷ ಬೇಕೇ ಎಂದು ಬಾರ್ನಿ ಕೆಣಕಿದ. ನಿಮ್ಮಣ್ಣ ಇದ್ದಿದ್ದರೆ ಇದಕ್ಕಿಂತ ಕೆಟ್ಟದಾಗಿ ಬೈಯುತ್ತಿದ್ದ ಎಂದು ಹರ್ಬಿ ಕೋಟು ಬಿಚ್ಚಿದ. ಮತ್ತೆರಡು ಸಲ ಹೋಗಿ ಕಲ್ಲು ತಂದ ಮೇಲೆ ನೆಲ ಗಟ್ಟಿಯಾಯಿತು.

ಶವದ ಗಾಡಿಯವನಿಗೆ ಆ ದಾರಿಯ ಮೇಲೆ ಇನ್ನೂ ಅನುಮಾನ. ನೆರೆಹೊರೆಯವರೇ ಹೆಗಲು ಬದಲಿಸುತ್ತ ಪೆಟ್ಟಿಗೆ ಹೊತ್ತು ದಾಟಿಸಿದರು. ಹರ್ಬಿ ಮತ್ತೆ ಕೋಟು ತೊಟ್ಟು ಹಿಂದೆಯೇ ನಡೆದ, ಹಳ್ಳದ ಬಳಿಯೂ ನಿಲ್ಲಲಿಲ್ಲ. ನಿಂತದ್ದು ಚರ್ಚಿನ ಗೇಟಿನ ಹೊರಗೆ. ಅವನ ಪಂಗಡದವರು ನಮ್ಮ ಬಲಿಪೂಜೆಗೆ ಒಳಗೆ ಬರುವುದಿಲ್ಲ. ಅದಕ್ಕೆ ಯಾರೂ ತಪ್ಪು ತಿಳಿಯುವುದೂ ಇಲ್ಲ. ಪೂಜೆ ಮುಗಿಯುವ ತನಕ ಅವನು ಟೋಪಿ ಕೈಯಲ್ಲಿ ಹಿಡಿದು ಗಾಳಿಯಲ್ಲೇ ನಿಂತಿದ್ದ.

ಚರ್ಚಿನ ಅಂಗಳದ ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಇಳಿಸಿದ್ದಾಯಿತು, ಪಾದ್ರಿಯ ಪ್ರಾರ್ಥನೆಯೂ ಮುಗಿಯಿತು. ಮಣ್ಣು ಎಳೆಯುವುದು ನಮ್ಮಲ್ಲಿ ಕೂಲಿಯವರ ಕೆಲಸವಲ್ಲ, ನೆರೆಯವರದು. ಬಾರ್ನಿ ಸಲಿಕೆಗೆ ಕೈ ಹಾಕುವಷ್ಟರಲ್ಲಿ ಡಿಂಪ್ನಾ ಅದನ್ನು ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ ಗೇಟಿನ ತನಕ ನಡೆದಳು.

"ಇನ್ನೊಂದು ಗುಂಡಿ ಬಾಕಿ ಇದೆ, ಹರ್ಬಿ."

ಹರ್ಬಿ ಟೋಪಿಯನ್ನು ಗೇಟಿನ ಕಂಬದ ಮೇಲಿಟ್ಟು ಸಲಿಕೆ ತೆಗೆದುಕೊಂಡ. ಜನ ದಾರಿ ಬಿಟ್ಟರು. ಪೆಟ್ಟಿಗೆಯ ಮೇಲೆ ಸದ್ದಾಗದ ಹಾಗೆ, ಮೊದಲ ಮಣ್ಣನ್ನು ಅವನು ಅಂಚಿನಿಂದ ಮೆಲ್ಲಗೆ ಜಾರಿಸಿದ.